ಒಪ್ಪದ ಲಿವರ್

ಮೈಸೂರು–ಅರಸೀಕೆರೆ ಮಾರ್ಗದ ಕೆ.ಆರ್. ನಗರವನ್ನು ಬಿಟ್ಟರೆ ಈ ಸೀಮೆಯ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಪಟ್ಟಣಗಳಿಗೆ ಇನ್ನೂ ರೈಲು ಬಂದಿಲ್ಲ. ಪಿರಿಯಾಪಟ್ಟಣದ ಮೇಲೆ ಕುಶಾಲನಗರಕ್ಕೆ ಹಳಿ ಹಾಕುವ ಮಾತು ಬಹುಕಾಲದಿಂದ ನಡೆದಿದೆ. ನಾಳೆ ಅದು ಬಂದರೂ ಅಲ್ಲಿ ಇರುವುದು ಬಣ್ಣದ ದೀಪ, ಕಂಪ್ಯೂಟರ್ ಪರದೆ; ಕೈ ಎತ್ತಿ ಇಳಿಸುವ ಹಳೆಯ ಸಿಗ್ನಲ್ ಕಂಬ, ಅಂದರೆ ಕೈಮರ, ಇರುವುದಿಲ್ಲ. ಹಾಗಾಗಿ ಇಲ್ಲಿನ ಮಕ್ಕಳಿಗೆ ಹಳೆಯ ಸಿಗ್ನಲ್ ನೋಡಲು ಹತ್ತಿರದ ಜಾಗ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ. 1979ರಲ್ಲಿ ಶುರುವಾದ ಆ ಸಂಗ್ರಹಾಲಯದಲ್ಲಿ ಮಹಾರಾಣಿಯ ಸಲೂನ್ ಬೋಗಿ, ಉಗಿಬಂಡಿಗಳ ಜೊತೆ ಸಿಗ್ನಲ್‌ಗಳೂ ಇವೆ. ಆದರೆ ಕೈಮರವೊಂದನ್ನೇ ಉಳಿಸಿಕೊಂಡರೆ ಸಾಲದು. ಅದರ ಬುದ್ಧಿಯೆಲ್ಲ ಇರುವುದು ಅದನ್ನು ನಡೆಸುವ ಸಿಗ್ನಲ್ ಕ್ಯಾಬಿನ್ನಿನಲ್ಲಿ.

ಕ್ಯಾಬಿನ್ನಿನ ಮಹಡಿಯಲ್ಲಿ ಲಿವರ್‌ಗಳ ಸಾಲು. ರೈಲು ನಿಲ್ಲಿಸುವ ಸಿಗ್ನಲ್‌ಗೆ ಕೆಂಪು, ಮುನ್ಸೂಚನೆ ಕೊಡುವ ವಾರ್ನರ್‌ಗೆ ಹಸಿರು, ಹಳಿ ಬದಲಿಸುವ ಪಾಯಿಂಟ್‌ಗೆ ಕಪ್ಪು, ಅದನ್ನು ಬಿಗಿಯುವ ಬೀಗಕ್ಕೆ ನೀಲಿ. ಪ್ರತಿ ಲಿವರ್‌ಗೂ ಒಂದು ಉಕ್ಕಿನ ಪಟ್ಟಿ, ಪಟ್ಟಿಯ ಅಂಚಿನಲ್ಲಿ ಕಚ್ಚುಗಳು. ಲಿವರ್ ಎಳೆದರೆ ಪಟ್ಟಿ ಸರಿದು ಪಕ್ಕದ ಬೆಣೆಯನ್ನು ತಳ್ಳುತ್ತದೆ. ಬೆಣೆ ಇನ್ನೊಂದು ಪಟ್ಟಿಯ ಕಚ್ಚಿನೊಳಗೆ ಕೂರುತ್ತದೆ. ಅಲ್ಲಿಗೆ ಆ ಎರಡನೆಯ ಲಿವರ್ ಅಲುಗುವುದಿಲ್ಲ. ಪಾಯಿಂಟ್ ಸರಿಯಾಗಿ ಕೂತು ಬೀಗ ಬೀಳದೆ ಸಿಗ್ನಲ್ ಇಳಿಯದು. ಸಿಗ್ನಲ್ ಇಳಿದ ಮೇಲೆ ಪಾಯಿಂಟ್ ಕದಲದು. ನಡುರಾತ್ರಿಯ ನಿದ್ದೆಗಣ್ಣಿನಲ್ಲಿ ಯಾರಾದರೂ ತಪ್ಪು ಲಿವರ್ ಹಿಡಿದು ಜಗ್ಗಿದರೂ ಕಬ್ಬಿಣ ಒಪ್ಪುವುದಿಲ್ಲ. ಪಾಯಿಂಟ್, ಸಿಗ್ನಲ್‌ಗಳನ್ನು ಹೀಗೆ ಒಂದಕ್ಕೊಂದು ಬೆಸೆಯುವ ದಾರಿಗೆ ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ 1856ರಲ್ಲೇ ಪೇಟೆಂಟ್ ಪಡೆದಿದ್ದರು. ವಿದ್ಯುತ್ತಿನ ಹಂಗಿಲ್ಲದೆ ತರ್ಕ ನಡೆಸುವ ಇಂಥ ಯಂತ್ರವನ್ನು ಗುಜರಿಗೆ ಹಾಕುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಲಿವರ್‌ನಿಂದ ಕೈಮರದವರೆಗೆ ರಾಟೆಗಳ ಮೇಲೆ ತಂತಿ ಓಡುತ್ತದೆ. ತಂತಿ ಹರಿದರೆ ಎದುರುತೂಕವೇ ಕೈಯನ್ನು ಅಡ್ಡಕ್ಕೆ ಎತ್ತಿ ‘ನಿಲ್ಲು’ ಎನ್ನುತ್ತದೆ. 700 ಮೀಟರ್ ಉಕ್ಕಿನ ತಂತಿ 20 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ ಸುಮಾರು 17 ಸೆಂಟಿಮೀಟರ್ ಉದ್ದವಾಗುತ್ತದೆ. ಸಡಿಲ ಬಿಗಿಮಾಡದಿದ್ದರೆ ಎಷ್ಟು ಎಳೆದರೂ ಕೈ ಪೂರ್ತಿ ಇಳಿಯದು. ಇನ್ನು ಕೈಯ ಬುಡದಲ್ಲಿರುವ ‘ಹಸಿರು’ ಗಾಜನ್ನು ಹಗಲಲ್ಲಿ ನೋಡಿ, ಅದು ನೀಲಿ ಛಾಯೆಯದು. ಸೀಮೆಎಣ್ಣೆ ದೀಪದ ಹಳದಿ ಬೆಳಕು ಅದರ ಮೂಲಕ ಹಾಯ್ದಾಗಲೇ ಡ್ರೈವರ್‌ಗೆ ಹಸಿರು ಕಾಣುತ್ತಿತ್ತು.

ಅಮೆರಿಕದ ಹ್ಯಾರಿಸ್‌ಬರ್ಗ್‌ನಲ್ಲಿ ಹಳೆಯ ಹ್ಯಾರಿಸ್ ಟವರನ್ನು ಮ್ಯೂಸಿಯಂ ಮಾಡಿದವರು ಅದರ ಲಿವರ್‌ಗಳನ್ನು ಕಂಪ್ಯೂಟರಿಗೆ ಜೋಡಿಸಿದ್ದಾರೆ. ಬಂದವರು ತಾವೇ ಲಿವರ್ ಎಳೆದು ಕಾಲ್ಪನಿಕ ರೈಲುಗಳನ್ನು ಓಡಿಸಬಹುದು. ನಮಗೆ ಅಷ್ಟೂ ಬೇಡ. ನಾಲ್ಕಾರು ಲಿವರ್, ಒಂದು ಪಾಯಿಂಟ್, ಒಂದು ಕೈಮರ, ನಡುವೆ ತಂತಿ, ಬೆಣೆ–ಕಚ್ಚುಗಳು ಕಾಣುವಂತೆ ಗಾಜಿನ ಮುಚ್ಚಳ. ಬಣ್ಣ ಬಳಿದು ಬೆಸುಗೆ ಹಾಕಿ ನಿಲ್ಲಿಸಬಾರದು, ಅಷ್ಟೆ. ಬೆಣೆಗಳನ್ನು ಕಳಚಿ ತೊಳೆದು ಮತ್ತೆ ಜೋಡಿಸಬಲ್ಲ ನಿವೃತ್ತ ಸಿಗ್ನಲ್ ಫಿಟ್ಟರ್‌ಗಳು ಇನ್ನೂ ಇದ್ದಾರೆ. ಆ ಕೆಲಸವನ್ನು ಅವರ ಕೈಯಿಂದಲೇ, ಈಗಲೇ ಮಾಡಿಸಬೇಕು.