ಅಲೆಗಳ ನಡುವೆ ಒಂದು ಲೀಗ್

ಅಟ್ಲಾಸ್ ತೆರೆದು, ಸ್ಕಾಟ್ಲೆಂಡಿನ ಉತ್ತರದ ತುದಿಯಿಂದ ಐಸ್‌ಲೆಂಡಿನ ಕಡೆಗೆ ಬೆರಳಾಡಿಸಿ. ಹೆಚ್ಚುಕಡಿಮೆ ನಡುದಾರಿಯಲ್ಲಿ, ನೀಲಿಯ ಮೇಲೆ ಸಾಸಿವೆ ಚೆಲ್ಲಿದಂತೆ ಕೆಲವು ಚುಕ್ಕೆಗಳು ಸಿಗುತ್ತವೆ. ಅವೇ ಫೆರೋ ದ್ವೀಪಗಳು. ಹದಿನೆಂಟು ದ್ವೀಪಗಳೂ ಸೇರಿದರೆ ಸುಮಾರು 1,400 ಚದರ ಕಿಲೋಮೀಟರ್. ನಮ್ಮ ಕೊಡಗು ಜಿಲ್ಲೆಯ ಮೂರರಲ್ಲೊಂದು ಪಾಲು. ಜನಸಂಖ್ಯೆ 54 ಸಾವಿರದ ಆಸುಪಾಸು. ಡೆನ್ಮಾರ್ಕ್ ರಾಜಸತ್ತೆಗೆ ಸೇರಿದ್ದರೂ 1948ರಿಂದ ಇಲ್ಲಿ ಸ್ವಯಮಾಡಳಿತವಿದೆ. ತಮ್ಮದೇ ಭಾಷೆ, ತಮ್ಮದೇ ಬಾವುಟ, ಜೊತೆಗೆ ತಮ್ಮದೇ ಫುಟ್‌ಬಾಲ್ ಲೀಗ್.

ಈ ಲೀಗಿನ ಅಗ್ರ ಶ್ರೇಣಿಯಲ್ಲಿ 2023ರಲ್ಲಿ ಹತ್ತು ತಂಡಗಳಿದ್ದವು. ತಂಡಕ್ಕೆ 25 ಆಟಗಾರರೆಂದು ಹಿಡಿದರೂ ಒಟ್ಟು 250 ಮಂದಿ. ಹೊರದೇಶಗಳಿಂದ ಬಂದ ಕೆಲವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ದೇಶದ ಪ್ರತಿ 216 ಜನರಲ್ಲಿ ಒಬ್ಬ ಅಗ್ರ ಲೀಗಿನ ಆಟಗಾರ ಎಂದಾಯಿತು. 2011ರ ಜನಗಣತಿಯಂತೆ 6.11 ಕೋಟಿ ಜನರಿದ್ದ ಕರ್ನಾಟಕಕ್ಕೆ ಇದೇ ಪ್ರಮಾಣವನ್ನು ಅನ್ವಯಿಸಿದರೆ ಎರಡೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಆಟಗಾರರು ಬೇಕು! ಅಲ್ಲಿ ಅಂಚೆ ಹಂಚುವವನೋ ಬಡಗಿಯೋ ಭಾನುವಾರ ಸಂಜೆ ಗೋಲು ಹೊಡೆಯುವುದು ಯಾರಿಗೂ ಸೋಜಿಗವಲ್ಲ. ಹಾಗೆ ನೋಡಿದರೆ ಅವನನ್ನು ಬಿಟ್ಟು ಬೇರೆ ಯಾರೂ ಇಲ್ಲ.

ಇಂಗ್ಲೆಂಡ್, ಸ್ಪೇನ್‌ಗಳಲ್ಲಿ ಆಗಸ್ಟಿನಲ್ಲಿ ಶುರುವಾಗುವ ಲೀಗ್ ಚಳಿಗಾಲವನ್ನು ದಾಟಿ ಮೇ ತಿಂಗಳಲ್ಲಿ ಮುಗಿಯುತ್ತದೆ. ಫೆರೋ ಲೀಗ್ ಮಾರ್ಚಿನಲ್ಲಿ ಆರಂಭವಾಗಿ ಅಕ್ಟೋಬರಿನ ಹೊತ್ತಿಗೆ ಮುಗಿಯುತ್ತದೆ. ಹಿಮ ಬೀಳುವುದರಿಂದ ಹೀಗೆ ಎಂದು ಯಾರಿಗಾದರೂ ಅನಿಸೀತು. ಆದರೆ ಸಂಗತಿ ಅಷ್ಟು ಸರಳವಲ್ಲ. 62 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದರೂ ಅಲ್ಲಿನ ಜನವರಿಯ ಸರಾಸರಿ ಉಷ್ಣತೆ 4 ಡಿಗ್ರಿ ಸೆಲ್ಸಿಯಸ್‌ಗೆ ಹತ್ತಿರ. ಅದೇ ಅಕ್ಷಾಂಶದ ಸೈಬೀರಿಯದಲ್ಲಿ ಆ ಹೊತ್ತಿಗೆ ಪಾದರಸ ಸೊನ್ನೆಗಿಂತ 30–40 ಡಿಗ್ರಿ ಕೆಳಗಿರುತ್ತದೆ. ವ್ಯತ್ಯಾಸಕ್ಕೆ ಕಾರಣ ಸುತ್ತಲಿನ ನೀರು. ನೀರಿನ ವಿಶಿಷ್ಟ ಉಷ್ಣ ಹೆಚ್ಚು. ಅದು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ದಕ್ಷಿಣದಿಂದ ಬೆಚ್ಚನೆಯ ನೀರನ್ನು ಹೊತ್ತು ತರುವ ಉತ್ತರ ಅಟ್ಲಾಂಟಿಕ್ ಪ್ರವಾಹ ಈ ದ್ವೀಪಗಳನ್ನು ಬಳಸಿಕೊಂಡೇ ಹೋಗುತ್ತದೆ. ಹಾಗಾಗಿ ಚಳಿಗಾಲ ತೀರಾ ಕೊರೆಯುವುದಿಲ್ಲ. ಬೇಸಿಗೆಯೂ 11 ಡಿಗ್ರಿಯ ಸುತ್ತಲೇ ನಿಂತುಬಿಡುತ್ತದೆ.

ಆಟಕ್ಕೆ ನಿಜವಾದ ತೊಡಕು ಬೆಳಕು ಮತ್ತು ಗಾಳಿ. ಡಿಸೆಂಬರಿನಲ್ಲಿ ಹಗಲು ಐದು ಗಂಟೆಯಷ್ಟೇ. ಜೂನ್‌ನಲ್ಲಿ ಹತ್ತೊಂಬತ್ತು ಗಂಟೆಗೂ ಮಿಕ್ಕಿ! ಗಾಳಿಯದ್ದಂತೂ ಬೇರೆಯೇ ಕಥೆ. ಚೆಂಡಿನ ಮೇಲೆ ಗಾಳಿ ಹಾಕುವ ಬಲ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿ. ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿಲೋಮೀಟರ್ ಗಾಳಿಯಲ್ಲಿ ಈ ಬಲ ಚೆಂಡಿನ ತೂಕದ ಅರ್ಧದಷ್ಟಾಗಬಲ್ಲದು. ಅಂಥ ದಿನ ಗೋಲ್‌ಕೀಪರ್ ಎತ್ತರಕ್ಕೆ ಒದ್ದ ಚೆಂಡು ತಿರುಗಿ ಅವನ ಕಡೆಗೇ ಬಂದರೆ ಆತನನ್ನು ದೂರುವಂತಿಲ್ಲ. ಒಂದು ಅರ್ಧ ಗಾಳಿಗೆ ಬೆನ್ನು ಕೊಟ್ಟು, ಇನ್ನೊಂದು ಅರ್ಧ ಎದೆಯೊಡ್ಡಿ ಆಡಬೇಕು. ಚೆಂಡನ್ನು ನೆಲಕ್ಕೆ ಅಂಟಿಸಿಕೊಂಡು ಆಡಬಲ್ಲವನೇ ಅಲ್ಲಿ ಜಾಣ.

ನೆಲದ ವಿಷಯಕ್ಕೆ ಬಂದರೆ, ಈ ದ್ವೀಪಗಳೆಲ್ಲ ಜ್ವಾಲಾಮುಖಿಯ ಬಸಾಲ್ಟ್ ಶಿಲೆಯವು. ಕಡಿದಾದ ಬೆಟ್ಟಗಳು, ತೆಳುವಾದ ಮಣ್ಣು. 105 ಮೀಟರ್ ಉದ್ದ, 68 ಮೀಟರ್ ಅಗಲದ ಸಮತಟ್ಟು ಜಾಗ ಬೇಕೆಂದರೆ ಬೆಟ್ಟವನ್ನು ಕಡಿಯಬೇಕು. ಇಳಿಜಾರುಗಳಲ್ಲಿ ಕುರಿಗಳಿಗೆ ಸಾಕಾಗುವಷ್ಟು ಹುಲ್ಲು ಇದೆಯಾದರೂ ಬೂಟುಗಳ ತುಳಿತ ತಡೆದುಕೊಳ್ಳುವ ಮೈದಾನದ ಹುಲ್ಲು ಹುಲುಸಾಗಿ ಬೆಳೆಯುವುದಿಲ್ಲ. ಮಣ್ಣಿನ ಉಷ್ಣತೆ ಐದಾರು ಡಿಗ್ರಿಗಿಂತ ಕೆಳಗಿಳಿದರೆ ಹುಲ್ಲಿನ ಬೆಳವಣಿಗೆ ನಿಂತೇಹೋಗುತ್ತದೆ, ಕಿತ್ತುಹೋದ ಜಾಗ ಮತ್ತೆ ತುಂಬಿಕೊಳ್ಳುವುದಿಲ್ಲ. ಆದ್ದರಿಂದ ಹಿಂದೆಲ್ಲ ಜಲ್ಲಿಮಣ್ಣಿನ ಮೈದಾನಗಳಲ್ಲಿ ಮೊಣಕಾಲು ತರಚಿಕೊಂಡು ಆಡುತ್ತಿದ್ದರು. ಈಗ ಬಹುತೇಕ ಎಲ್ಲ ಕಡೆ ಕೃತಕ ಹುಲ್ಲುಹಾಸು.

ಊರಿಂದೂರಿಗೆ ಹೋಗುವುದೂ ಆಟದ ಒಂದು ಭಾಗವೇ ಆಗಿತ್ತು. ಮೀನುಗಾರಿಕೆಯ ಊರಾದ ಕ್ಲಾಕ್ಸ್‌ವಿಕ್‌ಗೆ ಪಕ್ಕದ ದ್ವೀಪದಿಂದ ಹೋಗಲು 2006ರವರೆಗೆ ದೋಣಿಯೇ ಗತಿ. ಆ ವರ್ಷ ಆರು ಕಿಲೋಮೀಟರಿಗೂ ಉದ್ದದ ಸುರಂಗ ಸಮುದ್ರದ ಅಡಿಯಲ್ಲಿ ತೆರೆಯಿತು. 2020ರ ಡಿಸೆಂಬರಿನಲ್ಲಿ ತೆರೆದ ಇನ್ನೊಂದು ಸುರಂಗ 11 ಕಿಲೋಮೀಟರ್ ಉದ್ದದ್ದು. ಅದರೊಳಗೆ, ಕಡಲಿನ ಕೆಳಗೆ, ಮೂರು ದಾರಿ ಕೂಡುವ ಒಂದು ವೃತ್ತವೂ ಇದೆ! ರಾಜಧಾನಿ ಟೋರ್ಶಾವನ್‌ನಿಂದ ಕ್ಲಾಕ್ಸ್‌ವಿಕ್‌ಗೆ ಒಂದು ಗಂಟೆಗೂ ಹೆಚ್ಚಿದ್ದ ಪ್ರಯಾಣ ಇದರಿಂದ ಸುಮಾರು 36 ನಿಮಿಷಕ್ಕೆ ಇಳಿಯಿತು. ದಕ್ಷಿಣದ ತುದಿಯ ಸುದುರೊಯ್ ದ್ವೀಪಕ್ಕೆ ಮಾತ್ರ ಇನ್ನೂ ಸುರಂಗವಿಲ್ಲ. 1892ರಲ್ಲಿ ಸ್ಥಾಪನೆಯಾದ, ದೇಶದ ಅತ್ಯಂತ ಹಳೆಯ ಕ್ಲಬ್ ಟಿ.ಬಿ. ಇರುವುದು ಅಲ್ಲಿಯೇ. ಆ ತಂಡ ಅಗ್ರ ಶ್ರೇಣಿಗೆ ಬಂದಾಗಲೆಲ್ಲ ಎದುರಾಳಿಗಳು ಎರಡು ಗಂಟೆ ಹಡಗಿನಲ್ಲಿ ಓಲಾಡಿ, ಆಮೇಲೆ ಆಡಬೇಕು.

ಲೀಗ್ ಶುರುವಾದದ್ದು 1942ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ. ದ್ವೀಪಗಳು ಆಗ ಬ್ರಿಟಿಷ್ ಸೈನ್ಯದ ವಶದಲ್ಲಿದ್ದವು. ಮೊದಲ ಪ್ರಶಸ್ತಿ ಕ್ಲಾಕ್ಸ್‌ವಿಕ್‌ನ ಕೆ.ಐ. ತಂಡಕ್ಕೆ ಸಂದಿತು. 1944ರಲ್ಲಿ ಲೀಗ್ ನಡೆಯಲಿಲ್ಲ. ಕಾರಣ, ಆಡಲು ಚೆಂಡುಗಳೇ ಸಿಗಲಿಲ್ಲ! ಫೆರೋ ದ್ವೀಪಗಳು ಫಿಫಾ ಸೇರಿದ್ದು 1988ರಲ್ಲಿ. 1990ರ ಸೆಪ್ಟೆಂಬರ್ 12ರಂದು ತಮ್ಮ ಮೊದಲ ಅಧಿಕೃತ ಸ್ಪರ್ಧಾತ್ಮಕ ಪಂದ್ಯವನ್ನು ಸ್ವೀಡನ್ನಿನ ಲಾಂಡ್ಸ್‌ಕ್ರೋನಾದಲ್ಲಿ ಆಡಬೇಕಾಯಿತು, ಏಕೆಂದರೆ ತವರಿನಲ್ಲಿ ಹುಲ್ಲಿನ ಮೈದಾನವಿರಲಿಲ್ಲ. ಎದುರಾಳಿ ಅದೇ ವರ್ಷ ವಿಶ್ವಕಪ್ ಆಡಿ ಬಂದಿದ್ದ ಆಸ್ಟ್ರಿಯ. ಬೊಂಡು ಕಟ್ಟಿದ ಉಣ್ಣೆಯ ಟೋಪಿ ತೊಟ್ಟು ಗೋಲು ಕಾದ ಯೆನ್ಸ್ ಮಾರ್ಟಿನ್ ಕ್ನುಡ್ಸೆನ್ ಮೀನಿನ ಕಾರ್ಖಾನೆಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದವರು. ಪಂದ್ಯದ ಏಕೈಕ ಗೋಲು ಹೊಡೆದ ಟೋರ್ಕಿಲ್ ನೀಲ್ಸೆನ್ ಮರಮುಟ್ಟಿನ ಮಾರಾಟಗಾರ, ಜೊತೆಗೆ ಒಳ್ಳೆಯ ಚದುರಂಗ ಆಟಗಾರ. ಫೆರೋ ಗೆದ್ದಿತು.

ಆದರೆ ಒಂದು ದಿನದ ಗೆಲುವು ಬೇರೆ, ಇಡೀ ಋತುವಿನ ಸಾಧನೆ ಬೇರೆ. 2023ರಲ್ಲಿ ಕೆ.ಐ. ಕ್ಲಾಕ್ಸ್‌ವಿಕ್ ಮಾಡಿದ್ದು ಎರಡನೆಯದನ್ನು. ಸುಮಾರು ಐದು ಸಾವಿರ ಜನರ ಊರಿನ ಆ ತಂಡದ ಹಲವರು ಬೇರೆ ಕೆಲಸ ಅಥವಾ ಓದಿನ ಜೊತೆಗೇ ಆಡುತ್ತಿದ್ದವರು. ದೇಶದ ಚಾಂಪಿಯನ್ ಆಗಿ, ನಾರ್ವೆಯ ಮಾಗ್ನೆ ಹೋಸೆತ್ ಅವರ ತರಬೇತಿಯಲ್ಲಿ ಅದು ಜುಲೈನಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗಿನ ಅರ್ಹತಾ ಸುತ್ತಿಗೆ ಇಳಿಯಿತು. ಮೊದಲ ಎದುರಾಳಿ ಹಂಗೆರಿಯ ಫೆರೆಂಕ್‌ವಾರೋಶ್. ಸತತ ಐದು ಬಾರಿ ಹಂಗೆರಿಯ ಪ್ರಶಸ್ತಿ ಗೆದ್ದಿದ್ದ, ಹಿಂದಿನ ಋತುವಿನಲ್ಲಿ ಯುರೋಪಾ ಲೀಗಿನ ಗುಂಪಿನಲ್ಲಿ ಮೊದಲ ಸ್ಥಾನ ಪಡೆದಿದ್ದ ತಂಡ ಅದು. ತವರಿನ ಪಂದ್ಯ ಗೋಲಿಲ್ಲದೆ ಸಮವಾಯಿತು. ಬುಡಾಪೆಸ್ಟಿನಲ್ಲಿ ಕೆ.ಐ. 3–0ಯಿಂದ ಗೆದ್ದಿತು. ಸೋಲಿನ ಬೆನ್ನಲ್ಲೇ ಹಂಗೆರಿಯ ಕ್ಲಬ್ ತನ್ನ ತರಬೇತುದಾರನನ್ನು ಮನೆಗೆ ಕಳುಹಿಸಿತು.

ಮುಂದಿನ ಸರದಿ ಸ್ವೀಡನ್ನಿನ ಚಾಂಪಿಯನ್ ಹೆಕೆನ್ ತಂಡದ್ದು. ತವರಿನಲ್ಲಿ 0–0, ಗೋಥೆನ್‌ಬರ್ಗಿನಲ್ಲಿ 3–3. ಕೊನೆಗೆ ಪೆನಾಲ್ಟಿ ಷೂಟೌಟ್‌ನಲ್ಲಿ 4–3. ನಾರ್ವೆಯ ಮೋಲ್ಡೆ ಎದುರು ತವರಿನಲ್ಲಿ 2–1ರಿಂದ ಗೆದ್ದರೂ ಮರುಪಂದ್ಯದ ಹೆಚ್ಚುವರಿ ಸಮಯದಲ್ಲಿ ಕೈತಪ್ಪಿತು. ಯುರೋಪಾ ಲೀಗಿನ ಬಾಗಿಲಲ್ಲಿ ಮಾಲ್ಡೋವಾದ ಶೆರಿಫ್ ತಡೆಯಿತು. ಆದರೂ ಮೂರನೆಯ ದರ್ಜೆಯ ಕಾನ್ಫರೆನ್ಸ್ ಲೀಗಿನ ಗುಂಪು ಹಂತದಲ್ಲಿ ಜಾಗ ಖಾತ್ರಿಯಾಗಿತ್ತು. ಫೆರೋ ಕ್ಲಬ್ಬೊಂದು ಯುರೋಪಿನ ಗುಂಪು ಹಂತ ತಲುಪಿದ್ದು ಅದೇ ಮೊದಲು. ಅಲ್ಲಿ ಫ್ರಾನ್ಸಿನ ಲೀಲ್ ತಂಡವನ್ನು ಟೋರ್ಶಾವನ್‌ನಲ್ಲಿ ಗೋಲಿಲ್ಲದ ಸಮಕ್ಕೆ ತಡೆದು, ಸ್ಲೊವೇನಿಯದ ಒಲಿಂಪಿಯಾವನ್ನು 3–0ಯಿಂದ ಮಣಿಸಿತು. ಉಳಿದ ನಾಲ್ಕು ಪಂದ್ಯಗಳನ್ನು ಸೋತು ಗುಂಪಿನಲ್ಲಿ ಕೊನೆಯ ಸ್ಥಾನದಲ್ಲಿ ನಿಂತಿತು ಎನ್ನುವುದನ್ನೂ ಹೇಳಬೇಕು.

ಇಷ್ಟೆಲ್ಲ ನಡೆಯುವಾಗ ಮನೆಯ ಲೀಗ್ ನಿಂತಿರಲಿಲ್ಲ. ಹತ್ತು ತಂಡಗಳು ಪರಸ್ಪರ ಮೂರು ಬಾರಿ ಸೆಣಸುವುದರಿಂದ ಪ್ರತಿ ತಂಡಕ್ಕೆ 27 ಪಂದ್ಯಗಳು. ಬುಡಾಪೆಸ್ಟಿನಿಂದ ವಿಮಾನದಲ್ಲಿ ಬಂದು, ಸುರಂಗ ದಾಟಿ, ಸಣ್ಣ ಹಳ್ಳಿಯ ತಂಡದೊಡನೆ ಮಳೆಯಲ್ಲಿ ಆಡಬೇಕು. ಕೆ.ಐ. ಆ ವರ್ಷದ ಲೀಗ್ ಪ್ರಶಸ್ತಿಯನ್ನೂ ಬಿಟ್ಟುಕೊಡಲಿಲ್ಲ. 2021, 2022ರ ನಂತರ ಸತತ ಮೂರನೆಯದು.

ಇಲ್ಲೇ ಒಂದು ಇಕ್ಕಟ್ಟು ಹುಟ್ಟಿಕೊಂಡಿತು. ಕಾನ್ಫರೆನ್ಸ್ ಲೀಗಿನ ಗುಂಪು ತಲುಪಿದ್ದಕ್ಕೇ ಆ ವರ್ಷ ಪ್ರತಿ ಕ್ಲಬ್ಬಿಗೆ 29.4 ಲಕ್ಷ ಯೂರೋ ಸಿಗುತ್ತಿತ್ತು. ಜರ್ಮನಿಯ ದೊಡ್ಡ ಕ್ಲಬ್ಬಿಗೆ ಅದು ಒಬ್ಬ ಆಟಗಾರನ ಸಂಬಳವಾದೀತು. ಐದು ಸಾವಿರ ಜನರ ಊರಿನಲ್ಲಿ ಅದು ಬೆಟ್ಟದಷ್ಟು ಹಣ. ಗೆದ್ದವನಿಗೆ ಹಣ, ಹಣವಿದ್ದವನಿಗೆ ಇನ್ನಷ್ಟು ಒಳ್ಳೆಯ ಆಟಗಾರರು, ಅದರಿಂದ ಮತ್ತೆ ಗೆಲುವು. ಈ ಗಾಣ ಒಮ್ಮೆ ತಿರುಗತೊಡಗಿದರೆ ಉಳಿದ ಒಂಬತ್ತು ತಂಡಗಳ ಪಾಡೇನು? ಇದು ಬರೀ ಊಹೆಯಲ್ಲ. ಯುರೋಪಿನ ಹಲವು ಸಣ್ಣ ದೇಶಗಳ ಲೀಗ್‌ಗಳಲ್ಲಿ ಒಂದೇ ತಂಡ ವರ್ಷಾನುಗಟ್ಟಲೆ ಗೆಲ್ಲುತ್ತಾ ಬಂದಿದೆ. ಕ್ಲಾಕ್ಸ್‌ವಿಕ್‌ನಲ್ಲೇ ಇನ್ನೊಂದು ಉದಾಹರಣೆ ಇತ್ತು. ಕೆ.ಐ. ಮಹಿಳಾ ತಂಡ 2000ದಿಂದ 2016ರವರೆಗೆ ಸತತ ಹದಿನೇಳು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತ್ತು. ಆ ಹುಡುಗಿಯರ ಶ್ರಮಕ್ಕೆ ತಲೆದೂಗಬೇಕು, ನಿಜ. ಎದುರಾಳಿಗಳ ಉತ್ಸಾಹ ಏನಾಗಿದ್ದೀತು ಎಂದೂ ಯೋಚಿಸಬೇಕು.

ಸಣ್ಣ ಕ್ಲಬ್ಬುಗಳಿಗೆ ಹಣದ ಕೊರತೆಗಿಂತ ಹುಡುಗರ ಕೊರತೆ ದೊಡ್ಡದು. ಪಿ.ಯು.ಸಿ. ಮಟ್ಟದ ಓದು ಮುಗಿಸಿದ ಅನೇಕರು ಉನ್ನತ ಶಿಕ್ಷಣಕ್ಕೆ ಡೆನ್ಮಾರ್ಕಿಗೆ ಹೊರಡುತ್ತಾರೆ. ಟೋರ್ಶಾವನ್‌ನಲ್ಲಿ ಚಿಕ್ಕ ವಿಶ್ವವಿದ್ಯಾಲಯವಿದೆಯಾದರೂ ಎಲ್ಲ ವಿಷಯಗಳೂ ಅಲ್ಲಿ ಸಿಗುವುದಿಲ್ಲ. ಹದಿನೆಂಟು ವರ್ಷ ಬೆಳೆಸಿದ ಗೋಲ್‌ಕೀಪರ್ ಎಂಜಿನಿಯರಿಂಗ್ ಓದಲು ಹೋಗುತ್ತಾನೆ ಎಂದರೆ ಹಳ್ಳಿಯ ತರಬೇತುದಾರ ಬೇಡವೆನ್ನಲಾದೀತೆ? ಹುಡುಗನನ್ನು ಹರಸಿ ಕಳುಹಿಸಿ, ಹದಿನಾರರ ಇನ್ನೊಬ್ಬನಿಗೆ ಕೈಗವಸು ಕೊಡಬೇಕಾಗುತ್ತದೆ. ಹಿರಿಯರ ಜೊತೆ ಹದಿಹರೆಯದವರು ಬೇಗನೆ ಆಡಲಿಳಿಯುವುದಕ್ಕೆ ಇದೂ ಒಂದು ಕಾರಣ.

ಇದಕ್ಕೆ ಅಲ್ಲಿನವರು ಕಂಡುಕೊಂಡ ಒಂದು ಉಪಾಯ, ಪಕ್ಕದ ಊರಿನ ಹಳೆಯ ವೈರಿಯೊಡನೆ ಕೈಜೋಡಿಸುವುದು. ಏಡಿ ಮತ್ತು ಸ್ಟ್ರೇಮುರ್ ಕ್ಲಬ್ಬುಗಳು 1993ರಲ್ಲಿ ಒಂದಾಗಿ, 2008 ಮತ್ತು 2012ರಲ್ಲಿ ಚಾಂಪಿಯನ್ ಆದವು. ಗೋಟಾ ಮತ್ತು ಲೆಯರ್ವಿಕ್ ಊರುಗಳ ಕ್ಲಬ್ಬುಗಳು 2008ರಲ್ಲಿ ಬೆರೆತು ವಿಕಿಂಗುರ್ ಎಂಬ ಹೆಸರು ಪಡೆದವು. ಯಾವ ಊರಿನ ಹೆಸರಿಡಬೇಕು, ಯಾವ ಬಣ್ಣದ ಅಂಗಿ ತೊಡಬೇಕು ಎಂಬ ಜಗಳ ಇಂಥ ಮದುವೆಗಳಲ್ಲಿ ಸಹಜ. ನಮ್ಮಲ್ಲೂ ಎರಡು ಊರು ಸೇರಿ ಒಂದು ಜಾತ್ರೆ ಮಾಡಬೇಕೆಂದರೆ ಆಗುವ ಚರ್ಚೆ ಗೊತ್ತಲ್ಲ!

ಕ್ಲಾಕ್ಸ್‌ವಿಕ್ ಹಣದ ಚೀಲದೊಂದಿಗೆ 2024ರ ಋತುವಿಗೆ ಇಳಿದಾಗ ನಾಲ್ಕನೆಯ ಪ್ರಶಸ್ತಿಯೂ ಅದರದ್ದೇ ಎಂದು ಹಲವರು ಭಾವಿಸಿದ್ದರೆ ತಪ್ಪೇನಿಲ್ಲ. ಮಾರ್ಚಿನ ಗಾಳಿಯಲ್ಲಿ ಶುರುವಾದ ಓಟ ಅಕ್ಟೋಬರಿಗೆ ಮುಗಿದಾಗ ಅಂಕಪಟ್ಟಿಯ ತಲೆಯಲ್ಲಿದ್ದದ್ದು ಬೇರೆ ಹೆಸರು. ಎರಡು ಹಳ್ಳಿಗಳು ಕೂಡಿ ಕಟ್ಟಿದ ವಿಕಿಂಗುರ್ 2016, 2017ರ ನಂತರ ಮೂರನೆಯ ಬಾರಿ ಚಾಂಪಿಯನ್ ಆಗಿತ್ತು. ಅದರ ಒಂದು ಹಳ್ಳಿಯಾದ ಲೆಯರ್ವಿಕ್‌ನಲ್ಲೇ ಕ್ಲಾಕ್ಸ್‌ವಿಕ್‌ಗೆ ಹೋಗುವ ಸುರಂಗದ ಬಾಯಿ ಇದೆ. ಕಡಲಡಿಯ ದಾರಿಯಲ್ಲಿ ಎರಡೂ ಊರುಗಳ ನಡುವೆ ಹತ್ತು ನಿಮಿಷವೂ ಬೇಡ.