ಹನಿ ಚೆಲ್ಲದ ಕೈಕಸುಬು

ಬೈಕಿನ ಆಯಿಲ್ ಫಿಲ್ಟರ್ ಬದಲಿಸುವುದನ್ನು ಕಸುಬೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಂಜಿನ್ ಇಳಿಸಿ ಪಿಸ್ಟನ್ ಕೂರಿಸುವವನಿಗೆ ಮೇಸ್ತ್ರಿಯ ಮರ್ಯಾದೆ ಸಿಗುತ್ತದೆ. ಆಯಿಲ್ ಚೇಂಜ್ ಎಂದರೆ ಗ್ಯಾರೇಜಿಗೆ ಹೊಸದಾಗಿ ಸೇರಿದ ಹುಡುಗನ ಪಾಲು. ಆದರೆ ಮೆಕ್ಯಾನಿಕ್‌ನ ಕೈ ಎಂಥದ್ದೆಂದು ತಿಳಿಯಬೇಕಾದರೆ ಇದೇ ಕೆಲಸವನ್ನು ನೋಡಬೇಕು. ಸೈಲೆನ್ಸರ್, ಫುಟ್‌ರೆಸ್ಟ್, ನೆಲ ಎಲ್ಲಿಯೂ ಹನಿ ಬೀಳದಂತೆ ಫಿಲ್ಟರ್ ತೆಗೆದು ಹಾಕುವುದನ್ನು ಹಲವರು ಶೋಕಿ ಅಂದುಕೊಳ್ಳುತ್ತಾರೆ. ಅದು ಆ ಕೆಲಸದ ಅರ್ಧ ಭಾಗವೇ ಹೌದು ಎಂಬುದು ಈ ಬರಹದ ವಾದ.

ನಮ್ಮ ನಾಡಿನ ಹಳೆಯ ಗ್ಯಾರೇಜುಗಳಿಗೆ ಈ ತಲೆನೋವು ಅಷ್ಟಾಗಿ ಇರಲಿಲ್ಲ. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸಿದ ಜಾವಾ, ಯೆಜ್ಡಿ ಗಾಡಿಗಳು ಟೂ ಸ್ಟ್ರೋಕ್. ಆಯಿಲನ್ನು ಪೆಟ್ರೋಲಿಗೇ ಬೆರೆಸುತ್ತಿದ್ದರು, ಅದು ಪೆಟ್ರೋಲಿನ ಜೊತೆಗೇ ಉರಿದುಹೋಗುತ್ತಿತ್ತು. ಸೋಸಬೇಕಾದ ಆಯಿಲ್ಲೇ ಇಂಜಿನ್ನಿನಲ್ಲಿ ಉಳಿಯುತ್ತಿರಲಿಲ್ಲ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದ ಮೇಲೆ ಫೋರ್ ಸ್ಟ್ರೋಕ್ ಮನೆಮಾತಾಯಿತು. ಅದರಲ್ಲೂ, ಮುಂದೆ ಬಂದ ಸ್ಪ್ಲೆಂಡರ್‌ನಲ್ಲೂ ಆಯಿಲಿನ ಕಸವನ್ನು ಹಿಡಿಯುತ್ತಿದ್ದುದು ತಂತಿಜಾಲರಿ ಮತ್ತು ಗಿರಗಿರ ತಿರುಗಿ ಕಸವನ್ನು ಅಂಚಿಗೆ ತಳ್ಳುವ ಬಟ್ಟಲು. ಕಾಗದದ ಮಡಿಕೆಯ ಫಿಲ್ಟರ್ ಗಲ್ಲಿ ಗ್ಯಾರೇಜುಗಳ ನಿತ್ಯದ ಕೆಲಸವಾದದ್ದು ಪಲ್ಸರ್, ಅಪಾಚೆ, ಹೊಸ ಬುಲೆಟ್‌ಗಳ ಕಾಲದಲ್ಲಿ. ಐಡಿಯಲ್ ಜಾವಾ ಬಾಗಿಲು ಹಾಕಿದ್ದು 1996ರಲ್ಲಿ. ಯೆಜ್ಡಿಯ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಿದ್ದ ಕೈಗಳು ಆಮೇಲೆ ಈ ಹೊಸ ಪಾಠವನ್ನೂ ಕಲಿತವು.

ರಗಳೆ ಎಲ್ಲಿ ಶುರುವಾಗುತ್ತದೆಂದು ನೋಡಿ. ಡ್ರೇನ್ ಬೋಲ್ಟ್ ಬಿಚ್ಚಿ ಹಳೆ ಆಯಿಲ್ ಪೂರ್ತಿ ಇಳಿಸಿದರೂ ಫಿಲ್ಟರ್ ಕೂತ ಗೂಡಿನಲ್ಲಿ ಒಂದಿಷ್ಟು ಉಳಿದೇ ಇರುತ್ತದೆ. ಕಾಗದದ ಮಡಿಕೆಗಳೂ ಆಯಿಲ್ ಕುಡಿದು ಕೂತಿರುತ್ತವೆ. ಕ್ಲಾಸಿಕ್ 350ರಲ್ಲಿ ಈ ಗೂಡು ಇಂಜಿನ್ನಿನ ಬಲಗಡೆ ಇದೆ, ಸೈಲೆನ್ಸರ್ ಪೈಪೂ ಬ್ರೇಕ್ ಪೆಡಲೂ ಅದೇ ಬದಿಗೆ. ಅವಸರದ ಕೈ ಬೋಲ್ಟುಗಳನ್ನೆಲ್ಲ ಬಿಚ್ಚಿ ಗೂಡಿನ ಕವರನ್ನು ಎಳೆದರೆ ಆಯಿಲ್ ಇಂಜಿನ್ ಕೇಸಿನ ಮೈಗಂಟಿ ಇಳಿದು ಎಲ್ಲೆಂದರಲ್ಲಿ ಹರಡುತ್ತದೆ. ಪಳಗಿದ ಕೈಯ ವರಸೆ ಬೇರೆ. ಇಂಜಿನ್ನನ್ನು ಮೊದಲು ಒಂದೆರಡು ನಿಮಿಷ ಓಡಿಸಿ ಆಯಿಲ್ ತೆಳುವಾಗುವಷ್ಟು ಬೆಚ್ಚಗೆ ಮಾಡಿಕೊಳ್ಳುತ್ತಾನೆ. ಕೈ ಸುಡುವಷ್ಟು ಬಿಸಿ ಬೇಡ. ಡ್ರೇನ್ ಬೋಲ್ಟಿನ ಕೊನೆಯ ಸುತ್ತುಗಳನ್ನು ಬೆರಳಿನಲ್ಲಿ ಬಿಚ್ಚುವಾಗ ಅದನ್ನು ಒಳಕ್ಕೆ ಒತ್ತಿ ಹಿಡಿದೇ ತಿರುಗಿಸಿ, ಮರೆ ಪೂರ್ತಿ ಬಿಟ್ಟಾಗ ಒಮ್ಮೆಲೇ ಪಕ್ಕಕ್ಕೆ ತೆಗೆಯುತ್ತಾನೆ. ಗಾಡಿಯನ್ನು ಹಾಗೇ ನಿಲ್ಲಿಸಿ ಧಾರೆ ಹನಿಯಾಗುವವರೆಗೂ ಕಾಯುತ್ತಾನೆ. ಆಮೇಲೆ ಹಳೆಯ ಆಯಿಲ್ ಕ್ಯಾನಿನಿಂದ ಕತ್ತರಿಸಿಟ್ಟುಕೊಂಡ ಪ್ಲಾಸ್ಟಿಕ್ ತುಂಡೊಂದು ಹೊರಗೆ ಬರುತ್ತದೆ. ತೋಟಕ್ಕೆ ನೀರು ಹಾಯಿಸುವ ಅಡಿಕೆ ದಂಬೆಯಂತೆ ಅದನ್ನು ಬಾಗಿಸಿ, ಒಂದು ತುದಿಯನ್ನು ಕವರಿನ ಕೆಳಅಂಚಿಗೆ ಒತ್ತಿ, ಇನ್ನೊಂದು ತುದಿಯನ್ನು ಆಯಿಲ್ ಹಿಡಿಯುವ ತಟ್ಟೆಯ ಮೇಲೆ ಚಾಚುತ್ತಾನೆ. ಬೋಲ್ಟುಗಳನ್ನು ಒಂದೆರಡು ಸುತ್ತು ಸಡಿಲಿಸುತ್ತಾನಷ್ಟೆ, ತೆಗೆಯುವುದಿಲ್ಲ. ಕವರನ್ನು ಕೆಳಗಡೆ ಸ್ವಲ್ಪವೇ ಅಲುಗಿಸಿದರೆ ಕೂದಲೆಳೆಯಷ್ಟು ಸಂದು ತೆರೆದು, ಗೂಡಿನ ಆಯಿಲ್ ದಾರದಂತೆ ಇಳಿದು ತಟ್ಟೆ ಸೇರುತ್ತದೆ. ಅದು ನಿಂತ ಮೇಲೆಯೇ ಬೋಲ್ಟುಗಳು ಕೈಗೆ ಬರುವುದು. ಈ ಕಾಯುವಿಕೆಗೆ ಯಾವ ಸ್ಪ್ಯಾನರೂ ಬೇಕಿಲ್ಲ, ಮತ್ತು ನನ್ನ ಮಟ್ಟಿಗೆ ಇಡೀ ವಿದ್ಯೆ ಇರುವುದು ಇಲ್ಲೇ. ಹೊಸ ಫಿಲ್ಟರ್ ಕೂರಿಸುವುದು ಸುಲಭ: ತೂತಿರುವ ಬದಿ ಯಾವ ಕಡೆಗೆಂದು ನೋಡಬೇಕು, ಹಳೆಯ ಓ-ರಿಂಗ್ ಗೂಡಿಗೇ ಅಂಟಿಕೊಂಡಿಲ್ಲವೆಂದು ಖಾತ್ರಿಪಡಿಸಿಕೊಳ್ಳಬೇಕು, ಹೊಸದಕ್ಕೆ ಒಂದು ಬೆರಳು ಆಯಿಲ್ ಸವರಬೇಕು, ಅಲ್ಯೂಮಿನಿಯಂ ಮರೆ ಕಿತ್ತುಹೋಗದಂತೆ ಬೋಲ್ಟನ್ನು ಹದವಾಗಿ ಬಿಗಿಯಬೇಕು.

ಇಷ್ಟೊಂದು ನಾಜೂಕು ಯಾತಕ್ಕೆ, ಚೆಲ್ಲಿದರೆ ಒರೆಸಿದರಾಯಿತು, ವಾಟರ್ ಸರ್ವೀಸಿಗೆ ಕಳಿಸಿದರೆ ಎಲ್ಲ ತೊಳೆದುಹೋಗುತ್ತದೆ ಎನ್ನುವವರಿದ್ದಾರೆ. ಹತ್ತು ಗಾಡಿ ಸಾಲಿನಲ್ಲಿ ನಿಂತಿರುವ ಗ್ಯಾರೇಜಿನಲ್ಲಿ ಈ ಮಾತಿಗೆ ತೂಕವಿದೆ. ಆದರೆ ಲೆಕ್ಕ ತಿರುಗುಮುರುಗಾಗಿದೆ: ಕಾಯುವುದಕ್ಕಿಂತ ಹೆಚ್ಚು ಹೊತ್ತು ಒರೆಸುವುದಕ್ಕೇ ಬೇಕು, ಪೈಪಿನ ಹಿಂದೆ, ಕೇಸಿನ ಗೀರುಗಳಲ್ಲಿ ಸೇರಿದ್ದು ಒರೆಸಿದರೂ ಹೋಗುವುದಿಲ್ಲ. ಬಿಸಿ ಪೈಪಿಗೆ ಬಿದ್ದದ್ದು ಹೊಗೆಯಾಡುತ್ತದೆ, ಪೆಡಲಿಗೆ ಇಳಿದದ್ದು ಕಾಲು ಜಾರಿಸುತ್ತದೆ, ಹಿಂದಿನ ಟೈರಿಗೆ ತಗಲಿದರಂತೂ ಮೊದಲ ತಿರುವಿನಲ್ಲೇ ಅಪಾಯ. ಇದೆಲ್ಲಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಇರುವ ದಾರಿ ಒಂದೇ: ಹೊಸ ಆಯಿಲ್ ಹಾಕಿ, ಇಂಜಿನ್ ಓಡಿಸಿ, ನಿಲ್ಲಿಸಿ, ಕವರಿನ ಕೆಳಅಂಚಿಗೆ ಬೆರಳಿಟ್ಟು ನೋಡುವುದು. ಕೇಸು ಒಣಗಿದ್ದರೆ ಓ-ರಿಂಗ್ ಸರಿಯಾಗಿ ಕೂತಿದೆ, ಒದ್ದೆಯಾಗಿದ್ದರೆ ಕೂತಿಲ್ಲ. ಮೊದಲೇ ಆಯಿಲ್ ಚೆಲ್ಲಾಡಿದ ಕೇಸಿನ ಮೇಲೆ ಈ ಪರೀಕ್ಷೆ ನಡೆಯುವುದಿಲ್ಲ. ಅಲ್ಲಿ ಕಾಣುವ ಹನಿ ಚೆಲ್ಲಿದ್ದೋ ಸೋರಿದ್ದೋ ಯಾರು ಹೇಳಬೇಕು? ಅದು ಸೋರಿಕೆಯೇ ಆಗಿದ್ದರೆ, ಇಂಜಿನ್ ಆಯಿಲಿಲ್ಲದೆ ಹಿಡಿದುಕೊಳ್ಳುವವರೆಗೂ ಗೊತ್ತಾಗದೆ ಹೋಗಬಹುದು.

ಕಂಪನಿ ಸರ್ವೀಸ್ ಸೆಂಟರುಗಳಿಗೆ ಲಿಫ್ಟ್ ಇದೆ, ತಟ್ಟೆ ಇದೆ, ಗಾಡಿಯನ್ನು ಅಲ್ಲಿಗೇ ಒಯ್ಯಬಹುದಲ್ಲ ಎಂಬುದು ಇನ್ನೊಂದು ಆಕ್ಷೇಪ. ವಾರಂಟಿ ಮುಗಿದ ಗಾಡಿ, ಜಿಲ್ಲಾ ಕೇಂದ್ರದಿಂದ ದೂರದ ಊರು, ತಿಂಗಳ ಕೊನೆಯ ಜೇಬು ಇವೆಲ್ಲ ಗಲ್ಲಿಯ ಗ್ಯಾರೇಜಿಗೇ ಬರುತ್ತವೆ, ಬರುತ್ತಲೇ ಇರುತ್ತವೆ. ಇಂಥ ಗ್ಯಾರೇಜಿನಿಂದ ಹಳೆ ಆಯಿಲ್ ಎಲ್ಲಿಗೆ ಹೋಗುತ್ತದೆ ಎಂಬುದೂ ಈ ಕಸುಬಿಗೆ ಸೇರಿದ ಪ್ರಶ್ನೆ. ಒಂದಿಷ್ಟು ಸೆಂಟ್ರಿಂಗ್ ಹಲಗೆಗೆ, ಗೆದ್ದಲು ಹಿಡಿಯದಿರಲೆಂದು ಬೇಲಿಯ ಗೂಟಕ್ಕೆ, ಬೈಕಿನ ಚೈನಿಗೂ ಹೋಗುತ್ತದೆ, ಉಳಿದದ್ದು ಚರಂಡಿಗೆ. ವ್ಯರ್ಥವಾಗಲಿಲ್ಲವಲ್ಲ ಎಂಬ ಸಮಾಧಾನ ನಮಗೆ. ಆದರೆ ಇಂಜಿನ್ ಸವೆದ ಲೋಹದ ಪುಡಿ, ಉರಿಕೆಯ ಮಸಿ ಎಲ್ಲ ಆ ಎಣ್ಣೆಯಲ್ಲೇ ಇದ್ದು ಮಳೆಯ ಜೊತೆ ಮಣ್ಣಿಗಿಳಿಯುತ್ತವೆ; ಚೈನಿಗೆ ಹಚ್ಚಿದ್ದು ಅದನ್ನು ಸವೆಸುತ್ತದೆ. 2016ರ ಕೇಂದ್ರ ನಿಯಮಗಳು ಬಳಸಿದ ಆಯಿಲನ್ನು ಅಪಾಯಕಾರಿ ತ್ಯಾಜ್ಯದ ಪಟ್ಟಿಗೆ ಸೇರಿಸಿವೆ. ಅದನ್ನು ಮರುಬಳಕೆಗೆ ತರುವ ಹೊಣೆಯನ್ನು 2024ರ ಏಪ್ರಿಲ್ 1ರಿಂದ ತಯಾರಕ ಕಂಪನಿಗಳ ಮೇಲೂ ಹೊರಿಸಲಾಗಿದೆ. ಆ ಹೊಣೆ ಕಾಗದದಿಂದ ಇಳಿದು ತಾಲ್ಲೂಕಿನ ಗ್ಯಾರೇಜಿನ ಮೂಲೆಯ ಡಬ್ಬದವರೆಗೂ ಬರಬೇಕು. ಊರಿಗೊಂದು ಬ್ಯಾರೆಲ್, ತಿಂಗಳಿಗೊಮ್ಮೆ ಬಂದು ಒಯ್ಯುವ ಗಾಡಿ, ಕೊಟ್ಟವನ ಕೈಗೆ ನಾಲ್ಕು ಕಾಸು ಇಷ್ಟಾದರೆ ಚರಂಡಿಗೆ ಸುರಿಯುವವರು ಬಹಳ ಮಂದಿ ಉಳಿಯಲಾರರು.

ಈಗ ಬೆಂಗಳೂರನ್ನೇ ನೆಲೆಯಾಗಿಸಿಕೊಂಡ ಏಥರ್‌ನಂಥ ಬ್ಯಾಟರಿ ಸ್ಕೂಟರುಗಳು ಬೀದಿಗಿಳಿದಿವೆ. ಅವಕ್ಕೆ ಇಂಜಿನ್ ಆಯಿಲೂ ಇಲ್ಲ, ಸೋಸುವ ಫಿಲ್ಟರೂ ಇಲ್ಲ. ಗಾಳಿಗೂ ನೆಲಕ್ಕೂ ಒಳ್ಳೆಯದೇ. ಪೆಟ್ರೋಲ್ ಬೈಕುಗಳು ಮಾತ್ರ ಇನ್ನೂ ಎಷ್ಟೋ ವರ್ಷ ನಮ್ಮ ಹಳ್ಳಿ ರಸ್ತೆಗಳಲ್ಲಿ ಓಡಲಿವೆ, ಅವುಗಳ ಫಿಲ್ಟರನ್ನು ಯಾರಾದರೂ ಬದಲಿಸಬೇಕು. ಮೊಬೈಲ್ ಅಂಗಡಿಯಲ್ಲೋ ಡೆಲಿವರಿಯಲ್ಲೋ ಕೆಲಸ ಸಿಗುವಾಗ, ಉಗುರಿನ ಸಂದಿಯ ಕಪ್ಪು ಹೋಗದ ಈ ಕಸುಬಿಗೆ ಬಾ ಎಂದು ಹುಡುಗನೊಬ್ಬನನ್ನು ಯಾವ ಬಾಯಲ್ಲಿ ಕರೆಯುವುದು? ಬಂದವನಿಗೂ ಆ ಕವರನ್ನು ಕೆಳಗಡೆ ಎಷ್ಟು ಅಲುಗಿಸಬೇಕು, ಎಷ್ಟು ಹೊತ್ತು ಕಾಯಬೇಕು ಎಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ತೋರಿಸಿಕೊಡುವ ಮೇಸ್ತ್ರಿಗಳು ಒಬ್ಬೊಬ್ಬರಾಗಿ ಅಂಗಡಿ ಮುಚ್ಚುತ್ತಿದ್ದಾರೆ.