ಬುದ್ಧನ ಮೂರ್ತಿ ಯಾವ ಮರದ್ದು?

ಮನೆಯ ಹಳೇ ವಿಗ್ರಹ ಶ್ರೀಗಂಧದ್ದೇ ಎಂದು ತಿಳಿಯುವುದು ಹೇಗೆ ಎಂದು ಓದುಗರೊಬ್ಬರು ಕೇಳಿದ್ದಾರೆ. ಮೂಸಿ ನೋಡಿ ಎನ್ನಬಹುದು. ಆದರೆ ಗಂಧದೆಣ್ಣೆ ಸವರಿದರೆ ಯಾವ ಮರವೂ ಘಮಘಮಿಸುತ್ತದೆ. ದೀಪದ ಹೊಗೆ, ಎಣ್ಣೆಜಿಡ್ಡು ಕೂತ ಮೇಲೆ ಬಣ್ಣವನ್ನೂ ನಂಬುವಂತಿಲ್ಲ. ಕೇಳಬೇಕಾದದ್ದು ಜೀವಕೋಶಗಳನ್ನು.

ಮರವೆಂದರೆ ಬಿಗಿದು ಕಟ್ಟಿದ ಕಡ್ಡಿಪೊರಕೆ ಎಂದುಕೊಳ್ಳಿ, ಒಂದೊಂದು ಕಡ್ಡಿಯೂ ಟೊಳ್ಳು. ತುದಿಯಿಂದ ನೋಡಿದರೆ ಬರೀ ತೂತು. ಉದ್ದಕ್ಕೆ ಸೀಳಿದರೆ ಕೊಳವೆಯ ಒಳಗೋಡೆ. ಪೊರಕೆಯ ನಡುವಿನಿಂದ ಹೊರಕ್ಕೆ ಅಡ್ಡಡ್ಡ ತೂರಿಸಿದ ದಾರಗಳೂ ಉಂಟು, ಅವು ಕಿರಣಕೋಶಗಳು. ಹೀಗಾಗಿ ಸೂಕ್ಷ್ಮದರ್ಶಕದಡಿ ನೋಡಲು ಒಂದು ಹೋಳು ಸಾಲದು: ಅಡ್ಡಲಾಗಿ ಒಂದು, ಕಿರಣದ ಗುಂಟ ಒಂದು, ಕಿರಣವನ್ನು ಕತ್ತರಿಸುವಂತೆ ಉದ್ದಕ್ಕೆ ಇನ್ನೊಂದು, ಮೂರೂ ಕೂದಲಿಗಿಂತ ತೆಳುವಾಗಿ. ಶ್ರೀಗಂಧದಲ್ಲಿ ಒಂಟೊಂಟಿಯಾಗಿ ಚದುರಿದ ಸಣ್ಣ ರಂಧ್ರಗಳಿರುತ್ತವೆ. ಪೈನ್‌ನಲ್ಲಿ ಅಂಥ ರಂಧ್ರವಿಲ್ಲ, ರಾಳದ ನಾಳವಿದೆ.

ಈ ಪರೀಕ್ಷೆಯನ್ನು ಬುದ್ಧನ ಮೂರ್ತಿಗಳಿಗೆ ಪಟ್ಟಾಗಿ ಹಚ್ಚಿದವರು ಜಪಾನಿನ ಕೊಹರಾ ಜಿರೋ. ಕ್ಯೋಟೋದ ಕೊರ್ಯೂಜಿ ದೇಗುಲದ ಮೈತ್ರೇಯ, ಅಂದರೆ ಮುಂದೆ ಬರಲಿರುವ ಬುದ್ಧ, ಕೆಂಪು ಪೈನ್‌ನವನೆಂದು ಅವರು ತೋರಿಸಿದರು. 7ನೇ ಶತಮಾನದ ಜಪಾನಿನ ಮರದ ಮೂರ್ತಿಗಳು ಹೆಚ್ಚಾಗಿ ಕರ್ಪೂರದ ಮರದವು. ಕೆಂಪು ಪೈನ್ ಕೊರಿಯಾದಲ್ಲಿ ಬೆಳೆಯುವ ಮರ, ಹಾಗಾದರೆ ಇವನು ಅಲ್ಲಿಂದಲೇ ಬಂದವನು ಎಂಬ ಮಾತಿಗೆ ಬಲ ಬಂತು. ಕೊರಿಯಾದಲ್ಲಿ ಇವನದೇ ಭಂಗಿಯ ಕಂಚಿನ ಮೈತ್ರೇಯ ಇರುವುದೂ ನಿಜ. ಆದರೂ ಮರದ ಮೇಲೆ ಇಷ್ಟು ಭಾರ ಹೇರುವುದು ನನಗೆ ಅತಿ ಎನಿಸುತ್ತದೆ. ಕೆಂಪು ಪೈನ್ ಜಪಾನಿನ ಗುಡ್ಡಗಳಲ್ಲೂ ಧಾರಾಳವಾಗಿ ಬೆಳೆಯುತ್ತದೆ! ಸಾಲದ್ದಕ್ಕೆ 1968ರಲ್ಲಿ ಮೂರ್ತಿಯ ಬೆನ್ನಿನ ಹಲಗೆ ಕರ್ಪೂರದ ಮರವನ್ನು ಹೋಲುವಂಥದ್ದೆಂದು ಗೊತ್ತಾಯಿತು. ಸೂಕ್ಷ್ಮದರ್ಶಕ ಮರದ ಜಾತಿ ಹೇಳೀತು, ಅದು ಬೆಳೆದ ಊರನ್ನಲ್ಲ.

ನನಗೆ ಹೆಚ್ಚು ರುಚಿಸುವುದು 1998ರ ಕೆಲಸ. 8-9ನೇ ಶತಮಾನದಲ್ಲಿ ಒಂದೇ ದಿಮ್ಮಿಯಲ್ಲಿ ಕಡೆದ ಮೂರ್ತಿಗಳು ಹಿನೋಕಿ ಎಂಬ ಸೈಪ್ರೆಸ್ ಜಾತಿಯ ಮರದವೆಂದು ಬಹುಕಾಲ ನಂಬಲಾಗಿತ್ತು. ಕನೆಕೊ ಹಿರೋಅಕಿ ಮೊದಲಾದ ಕಲಾ ಇತಿಹಾಸಕಾರರು ಮರವಿಜ್ಞಾನಿಗಳ ಜೊತೆ ಕೂತು ಚೂರುಗಳನ್ನು ಮತ್ತೆ ನೋಡಿದರೆ, ಹಲವು ಮೂರ್ತಿಗಳು ಕಾಯಾ ಎಂಬ ಇನ್ನೊಂದು ಮರದವು. ಕಾಯಾದ ಕೋಶದ ಒಳಗೋಡೆಯಲ್ಲಿ ಜೋಡಿಜೋಡಿಯಾಗಿ ಸುರುಳಿ ಗೆರೆಗಳಿರುತ್ತವೆ, ಹಿನೋಕಿಯಲ್ಲಿ ಇಲ್ಲ. ಅಷ್ಟೇ ವ್ಯತ್ಯಾಸಕ್ಕೆ ಹಳೆಯ ನಂಬಿಕೆ ಬಿದ್ದುಹೋಯಿತು.

ಕಾಯಾ ಏಕೆ? ಬೌದ್ಧರಲ್ಲಿ ಶ್ರೇಷ್ಠವೆನಿಸಿದ್ದು ಚಂದನದ ಮೂರ್ತಿ. ಚಂದನವೋ ದಕ್ಷಿಣ ಭಾರತ, ತಿಮೋರ್ ಕಡೆಯದು, ಜಪಾನಿನಲ್ಲಿ ಬೆಳೆಯದು. ಅದು ಸಿಗದಿದ್ದಲ್ಲಿ ಇನ್ನೊಂದು ಮರ ಆದೀತೆಂದು ಚೀನಾದ ಟಾಂಗ್ ಕಾಲದ ವ್ಯಾಖ್ಯಾನವೊಂದು ಒಪ್ಪಿಗೆ ಕೊಟ್ಟಿತ್ತು. 753ರ ಕೊನೆಗೆ ಜಪಾನ್ ಮುಟ್ಟಿದ ಚೀನೀ ಭಿಕ್ಷು ಗಂಜಿನ್ 759ರಲ್ಲಿ ತೋಷೋದೈಜಿ ಮಠ ಕಟ್ಟಿಸಿದ. ಅಲ್ಲಿನ ಆ ಕಾಲದ ಒಂದೇ ದಿಮ್ಮಿಯ ಮೂರ್ತಿಗಳೂ ಕಾಯಾದವೇ. ಚಂದನದ ಬದಲಿಗೆ ಕಾಯಾ ಹಿಡಿಯುವ ರೂಢಿ ಅವನ ಬಳಗದಿಂದಲೇ ಹಬ್ಬಿರಬೇಕು ಎಂಬುದು ಕನೆಕೊ ಅವರ ಊಹೆ. ಊಹೆಯೇ ಆದರೂ, ಇದಕ್ಕೆ ಆಧಾರ ಬರೀ ಮರದ ಚೂರಲ್ಲ, ಗ್ರಂಥವೂ ಹೌದು. ಮೈತ್ರೇಯನ ವಾದಕ್ಕಿಂತ ಇದನ್ನು ನಾನು ಹೆಚ್ಚು ನಂಬುವುದು ಅದಕ್ಕೇ.